ಮಧ್ಯಾಹ್ನದ ನಿದ್ದೆ ಬಿಟ್ಟ ಬೀದಿ

ಪಣಜಿಯ 31 ಜನವರಿ ರಸ್ತೆಗೆ ಈಗ ಮಧ್ಯಾಹ್ನದ ನಿದ್ದೆ ಇಲ್ಲ. ಮೊದಲೆಲ್ಲ ಒಂದು ಗಂಟೆ ಆಗುವುದೇ ತಡ, ಅಂಗಡಿಗಳ ಬಾಗಿಲು ಬೀಳುತ್ತಿದ್ದವು. ಮೂರೂವರೆ, ನಾಲ್ಕರವರೆಗೆ ಒಂದು ಬೆಂಕಿಪೊಟ್ಟಣ ಬೇಕೆಂದರೂ ಸಿಗುತ್ತಿರಲಿಲ್ಲ. ಊಟದ ಮನೆಗಳು ಮೂರಕ್ಕೆ ಒಲೆ ಆರಿಸಿದರೆ ಮತ್ತೆ ಹೊತ್ತಿಸುವುದು ಸಂಜೆ ಏಳಕ್ಕೆ. ಘಟ್ಟ ಇಳಿದು ಹೋದ ನಮ್ಮ ಜನ ಇದನ್ನು ನೋಡಿ, ಇವರೆಂಥ ವ್ಯಾಪಾರಿಗಳು ಎಂದು ನಗುತ್ತಿದ್ದರು. ಈಗ ಅದೇ ನಿಧಾನವನ್ನು ಟೀ ಶರ್ಟಿನ ಮೇಲೆ ‘ಸುಸೆಗಾದ್’ ಎಂದು ಅಚ್ಚುಹಾಕಿ ಮಾರುತ್ತಾರೆ. ಮಾರುವ ಅಂಗಡಿ ಮಧ್ಯಾಹ್ನ ಮುಚ್ಚುವುದಿಲ್ಲ.

ರಸ್ತೆ ಇರುವುದು ಫೊಂಟೈನಾಸ್‌ನಲ್ಲಿ. ಒಂದು ಕಡೆ ಆಲ್ಟಿನೊ ಗುಡ್ಡ, ಇನ್ನೊಂದು ಕಡೆ ಔರೆಮ್ ತೋಡು, ನಡುವೆ ಇಕ್ಕಟ್ಟಾದ ಓಣಿಗಳು. ಮೊಜಾಂಬಿಕ್‌ನಲ್ಲಿ ದುಡಿದು ಬಂದದ್ದರಿಂದ ‘ಮೊಸ್‌ಮೀಕರ್’ ಎಂದೇ ಹೆಸರಾಗಿದ್ದ ಆಂಟೋನಿಯೊ ಜೊವಾವ್ ದ ಸೆಕೇರ ಎಂಬ ಗೋವೆಯವನು ಹದಿನೆಂಟನೆಯ ಶತಮಾನದ ಕೊನೆಗೆ ಇಲ್ಲಿ ತೆಂಗಿನ ತೋಟ ಎಬ್ಬಿಸಿದ. ಗುಡ್ಡದ ಬುಡದ ಒರತೆಯ ನೀರು ತೋಟಕ್ಕೂ ಆಯಿತು, ಆಮೇಲೆ ಬಂದ ಮನೆಗಳಿಗೂ ಆಯಿತು. 1843ರಲ್ಲಿ ಪಣಜಿ ರಾಜಧಾನಿಯಾದ ಮೇಲೆ ನೌಕರರು, ಗುಮಾಸ್ತರು, ವಕೀಲರು ಇಲ್ಲಿ ಮನೆ ಕಟ್ಟಿದರು. ಮಳೆಗಾಲ ಕಳೆದ ಮೇಲೆ ಪ್ರತಿ ಮನೆಗೂ ಬಣ್ಣ ಹೊಡೆಯಲೇಬೇಕೆಂದು ಪೋರ್ಚುಗೀಸರ ಕಟ್ಟಳೆ ಇತ್ತು ಎನ್ನುತ್ತಾರೆ. ಬಿಳಿ ಮಾತ್ರ ಇಗರ್ಜಿಗೆ ಮೀಸಲು. ಹಾಗಾಗಿ ಉಳಿದವರು ನೀಲಿ, ಕಾವಿ, ಹಳದಿಗಳಲ್ಲೇ ತಮ್ಮ ಹಟ ತೀರಿಸಿಕೊಂಡರು. ಮೇಲೆ ಹೊದೆಸಿದ್ದು ಬಹುಪಾಲು ನಮ್ಮ ಮಂಗಳೂರು ಹೆಂಚು. ‘ಲಿಸ್ಬನ್ ಲಿಸ್ಬನ್’ ಎಂದು ಫೋಟೊ ಹಾಕುವವರು ತುಸು ಕತ್ತೆತ್ತಿ ನೋಡಿದರೆ ತಲೆಯ ಮೇಲಿರುವುದು ನೇತ್ರಾವತಿ ದಂಡೆಯ ಮಣ್ಣು.

ನಾನು ಈ ಬೀದಿಯಲ್ಲಿ ಮೊದಲು ಉಳಿದುಕೊಂಡದ್ದು ಪ್ರವಾಸಿಯಾಗಿ ಅಲ್ಲ. ಕಾರವಾರದ ಕಡೆಯವರಿಗೆ ಕಾಯಿಲೆ ಜೋರಾದರೆ ಆಗಲೂ ಈಗಲೂ ಗೋವೆಯ ಮೆಡಿಕಲ್ ಕಾಲೇಜೇ ದಿಕ್ಕು. ಗೋವೆ ರಾಜ್ಯವಾದ 1987ರಲ್ಲಿ ಆ ಆಸ್ಪತ್ರೆ ಇನ್ನೂ ಬಾಂಬೊಲಿಗೆ ಹೋಗಿರಲಿಲ್ಲ, ಪಣಜಿಯ ನದೀತೀರದ ಹಳೆಯ ಕಟ್ಟಡದಲ್ಲೇ ಇತ್ತು. ಹಿಂದಿನ ಮಳೆಗಾಲದಲ್ಲಿ ಮಾಂಡವಿ ಸೇತುವೆ ಕುಸಿದುಬಿದ್ದು, ಬೆತಿಮ್ ಕಡೆಗೆ ಹೋಗುವವರೆಲ್ಲ ಫೆರಿಗೆ ಸಾಲು ನಿಲ್ಲುತ್ತಿದ್ದ ಕಾಲ. ನಮ್ಮ ದೊಡ್ಡಪ್ಪನನ್ನು ಆಸ್ಪತ್ರೆಗೆ ಸೇರಿಸಿ, ನೋಡಿಕೊಳ್ಳಲು ನನ್ನನ್ನು ಬಿಟ್ಟು, ಹಿರಿಯರು ಊರಿಗೆ ಮರಳಿದರು. ಲಾಡ್ಜಿನ ಬಾಡಿಗೆ ಕಟ್ಟುವ ಶಕ್ತಿ ಇರಲಿಲ್ಲ. ಯಾರೋ ಫೊಂಟೈನಾಸ್‌ನ ಒಂದು ಮನೆ ತೋರಿಸಿದರು.

ಆ ಮನೆಗೆ ಫಲಕವೂ ಇರಲಿಲ್ಲ, ಹೆಸರೂ ಇರಲಿಲ್ಲ. ಮಕ್ಕಳು ಕೊಲ್ಲಿ ದೇಶಕ್ಕೆ ಹೋದ ಮೇಲೆ ಖಾಲಿ ಬಿದ್ದ ಕೋಣೆಗಳನ್ನು ಒಬ್ಬ ವಿಧವೆ ಮುದುಕಿ ಬಾಡಿಗೆಗೆ ಕೊಡುತ್ತಿದ್ದಳು. ಮಂಚದ ಎದುರಿಗೆ ಆಕೆಯ ಮದುವೆಯ ಫೋಟೊ, ಅದರ ಕೆಳಗೆ ಯಾವುದೋ ಸಂತನ ಮುಂದೆ ಸಣ್ಣ ಕೆಂಪು ಬಲ್ಬು. ಕಿಟಕಿಯ ಚೌಕಗಳಲ್ಲಿ ಗಾಜಿನ ಬದಲು ತೆಳ್ಳಗೆ ತೇದ ಚಿಪ್ಪು. ಬಿಸಿಲು ಅದರೊಳಗಿಂದ ಹಾಲಿನ ಬಣ್ಣಕ್ಕೆ ತಿರುಗಿ ನೆಲಕ್ಕೆ ಇಳಿಯುತ್ತಿತ್ತು. ಬೆಳಗ್ಗೆ ಪಾವ್ ಮಾರುವ ಪೊದೇರನ ಸೈಕಲ್ಲಿನ ಪೋಂ ಪೋಂ ಕೇಳಿದರೆ ಆಕೆ ಬಾಲ್ಕಾವಿನ ಜಗಲಿಗೆ ಬಂದು ಪಾವ್ ತೆಗೆದುಕೊಂಡು, ನನ್ನದನ್ನೂ ಎಣಿಸಿ ಇಡುತ್ತಿದ್ದಳು. ಆಸ್ಪತ್ರೆಯಿಂದ ತಡವಾಗಿ ಬಂದರೆ ಒಳಗಿನಿಂದಲೇ ಕೂಗು: ‘ಜೆವ್ಲೊ ರೆ ಪುತಾ?’ ಉಂಡಿಲ್ಲ ಎಂದರೆ ಅನ್ನ, ಬಂಗಡೆ ಸಾರು. ಬಾಡಿಗೆಯಲ್ಲಿ ಊಟ ಸೇರಿತ್ತೋ ಇಲ್ಲವೋ ಎಂದು ಕೊನೆಯವರೆಗೂ ಇಬ್ಬರೂ ಮಾತಾಡಿಕೊಳ್ಳಲಿಲ್ಲ. ಅಂಥ ಮನೆಗಳು ಆಗ ಓಣಿ ಓಣಿಗೆ ಇದ್ದವು. ಇವನ್ನು ಪರಂಪರೆ ಎಂದು ಯಾರೂ ಕರೆಯುತ್ತಿರಲಿಲ್ಲ. ಸೋರುವ ಮನೆಗಳು ಎನ್ನುತ್ತಿದ್ದರು.

ಸೋರುವ ಮನೆಯನ್ನು ಕೆಡವದೆಯೂ ಬದುಕಿಸಬಹುದು ಎಂದು ಈ ಊರಿಗೆ ಮೊದಮೊದಲು ತೋರಿಸಿಕೊಟ್ಟದ್ದು ಪಂಜಿಮ್ ಇನ್ ಎಂಬ ವಸತಿಗೃಹ. ಹತ್ತೊಂಬತ್ತನೆಯ ಶತಮಾನದ ಮನೆ, ಮೇಲುಪ್ಪರಿಗೆಯ ವರಾಂಡ, ಕಂಬದ ಮಂಚಗಳು, ಹಳೆಯ ಮರದ ಕಪಾಟು. ಅದರ ಎದುರಿಗೆ ಪಂಜಿಮ್ ಪೌಸಾದ: ಹಿಂದೂ ಕುಟುಂಬದ ಹಳೆಯ ತೊಟ್ಟಿಮನೆ, ನಡುವೆ ಬಯಲು ಅಂಗಳ. ಮೂರನೆಯದು ಪಂಜಿಮ್ ಪೀಪಲ್ಸ್. ಅದು ಶಾಲೆಯಾಗಿತ್ತು, ಪೀಪಲ್ಸ್ ಹೈಸ್ಕೂಲು. ಒಂದೇ ಬೀದಿಯಲ್ಲಿ ಕ್ರೈಸ್ತರ ಮನೆ, ಹಿಂದೂಗಳ ಮನೆ, ಇಬ್ಬರ ಮಕ್ಕಳೂ ಕಲಿತ ಶಾಲೆ: ಮೂರೂ ಉಳಿದವು. ಅವನ್ನು ಉಳಿಸಿದವರ ಬಗ್ಗೆ ನನಗೆ ಗೌರವವೇ ಇದೆ. ಅದೇ ಹೊತ್ತಿನಲ್ಲಿ ಬೇರೆ ಕಡೆ ಇಂಥ ಮನೆಗಳನ್ನು ಒಡೆದು ಅಪಾರ್ಟ್‌ಮೆಂಟ್ ಎಬ್ಬಿಸಿದವರನ್ನು ನೋಡಿದರೆ ಆ ಗೌರವ ಇನ್ನಷ್ಟು ಹೆಚ್ಚುತ್ತದೆ. ಆದರೂ ಆ ಮೂರು ಕಟ್ಟಡಗಳ ನಡುವೆ ನಿಂತಾಗ, ಮೂರರಲ್ಲೂ ಈಗ ಮಲಗುವವರು ನಾಳೆ ಹೊರಡುವವರೇ ಎಂಬುದು ಮರೆಯುವುದಿಲ್ಲ.

ಊಟದ ಮಾತಿಗೆ ಬರುತ್ತೇನೆ. ನನ್ನ ನಿಜವಾದ ಹೊಟ್ಟೆಯುರಿ ಅಲ್ಲಿದೆ. ಪಂಜಿಮ್ ಇನ್ನಿನ ಸುತ್ತ ಕೂಗಳತೆಯಲ್ಲಿ ದೇಶವೇ ಹೊಗಳುವ ಊಟದ ಮನೆಗಳಿವೆ. ಓಣಿಯೊಳಗಿನ ಹಳೇ ಮನೆಯಲ್ಲಿ ವೀವಾ ಪಂಜಿಮ್. ಕಡಿದಾದ ಮರದ ಮೆಟ್ಟಿಲು ಹತ್ತಿದರೆ ವೆನೀತೆ. ಅಲ್ಲಿ ಬೀದಿಯ ಮೇಲೆ ಚಾಚಿಕೊಂಡ ಪುಟ್ಟ ಬಾಲ್ಕನಿಯಲ್ಲಿ ಇಬ್ಬರು ಕೂತರೆ ಮೂರನೆಯವನ ಮೊಣಕೈ ಹೊರಗೆ. ತೋಡಿನ ಬದಿಗೆ ಹಾರ್ಸ್‌ಶೂ. ಬೇಕರಿ ಎಂದರೆ 1930ರ ದಶಕದಿಂದ ಇರುವ ಕೊನ್ಫೇತಾರಿಯ 31 ದ ಜನೇರೊ. ಸ್ವಲ್ಪ ನಡೆದು ಇಗರ್ಜಿ ಚೌಕದ ಕಡೆ ಹೋದರೆ 1913ರ ಕೆಫೆ ತಾತೊ, ಭಾಜಿ ಪಾವ್‌ಗೆ. ಅಲ್ಲಿ ಸಸ್ಯಾಹಾರಿಗಳೂ ಹೊಟ್ಟೆತುಂಬ ತಿಂದು ಎದ್ದಾರು.

ಹೊಗಳಿಕೆ ಬರುವ ಮುಂಚೆ ಈ ಮನೆಗಳ ಊಟವನ್ನು ತೀರ್ಮಾನಿಸುತ್ತಿದ್ದದ್ದು ಬೆಳಗಿನ ಮೀನು ಮಾರುಕಟ್ಟೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಮಧ್ಯಾಹ್ನ ಎರಡಕ್ಕೆ ಮುಗಿದರೆ ಮುಗಿಯಿತು. ಸಿಗಡಿ ಬಾಲ್ಶಾವ್ ಇಲ್ಲ ಎಂದರೆ ಇಲ್ಲ. ನಾಳೆ ಬಾ ಎನ್ನುತ್ತಿದ್ದರು, ಅದನ್ನೂ ಬೇಸರವಿಲ್ಲದೆ. ಸೊರ್ಪತೆಲ್ ಮಾಡಿದ ದಿನ ಬಡಿಸುತ್ತಲೇ ಇರಲಿಲ್ಲ. ವಿನೆಗರ್ ಒಳಗಿಳಿಯಲು ಒಂದೆರಡು ದಿನ ಬೇಕು, ಅವಸರವಿದ್ದವನು ಬೇರೆ ಏನಾದರೂ ತಿನ್ನಲಿ ಎಂಬ ಲೆಕ್ಕ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳು ಊಟದ ಸ್ವರೂಪವೇ ಬೇರೆ: ಒಣಮೀನಿನ ಕಿಸ್ಮೂರ್, ಬೇಸಿಗೆಯಲ್ಲೇ ಹಾಕಿಟ್ಟ ಮೀನಿನ ಉಪ್ಪಿನಕಾಯಿ ಪರಾ, ಹೊಳೆಯ ತಿಸರೆ, ಮಾವಿನಕಾಯಿ ಉಪ್ಪಿಗೆ ಹಾಕಿದ್ದು. ಕಾರವಾರದ ನಮ್ಮ ಮನೆಗಳಲ್ಲೂ ಮಳೆಗಾಲ ಹೀಗೇ ಕಳೆಯುತ್ತಿದ್ದರಿಂದ ನನಗದು ಹೊರಗಿನ ಊಟ ಅನ್ನಿಸಲೇ ಇಲ್ಲ.

ಈಗ ಆಷಾಢದಲ್ಲೂ ಇಶೋಣ ಮೀನು ಸಿಗುತ್ತದೆ. ಯಾವ ಸಮುದ್ರದ್ದು, ಎಷ್ಟು ದಿನ ಹಿಮದಲ್ಲಿತ್ತು ಎಂದು ಕೇಳಬಾರದು. ವಿಮಾನ ಇಳಿದು ಎರಡು ರಾತ್ರಿಗೆ ಬಂದವನಿಗೆ ‘ನಾಳೆ ಬಾ’ ಎನ್ನಲಾಗುವುದಿಲ್ಲ, ಅವನು ನಾಳೆ ಬೆಂಗಳೂರಿನಲ್ಲಿರುತ್ತಾನೆ. ಅಡುಗೆ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಕೆಲವು ಕಡೆ ಮೊದಲಿಗಿಂತ ಚೊಕ್ಕವಾಗಿಯೇ ಇದೆ. ಹೋದದ್ದು ‘ಇವತ್ತು ಇಲ್ಲ’ ಎನ್ನುವ ಧೈರ್ಯ.

ಮನೆಗಳು ಹೀಗೇಕೆ ಖಾಲಿಯಾದವು ಎಂದರೆ ಎಲ್ಲರೂ ದುಡ್ಡಿನಾಸೆ ಎನ್ನುತ್ತಾರೆ. ಅಷ್ಟು ಸರಳವಿಲ್ಲ. ಗೋವೆಯಲ್ಲಿ ಇವತ್ತಿಗೂ ಪೋರ್ಚುಗೀಸರ 1867ರ ನಾಗರಿಕ ಸಂಹಿತೆಯ ಬುನಾದಿ ಇದೆ. ಹೆಣ್ಣು, ಗಂಡು ಎನ್ನದೆ ಮಕ್ಕಳಿಗೆಲ್ಲ ಸಮಪಾಲು. ಉಳಿದ ದೇಶ ಎಷ್ಟೋ ತಡವಾಗಿ ಕಲಿತ ನ್ಯಾಯ ಅದು. ಆದರೆ ಮೂರು ತಲೆಮಾರು ಕಳೆದ ಮೇಲೆ ಒಂದು ಮನೆಗೆ ಹತ್ತಿಪ್ಪತ್ತು ಮಂದಿ ಒಡೆಯರು. ಒಬ್ಬ ಮುಂಬೈ, ಒಬ್ಬಳು ಲಿಸ್ಬನ್, ಇನ್ನೊಬ್ಬ ಟೊರಾಂಟೊ. ಹೆಂಚು ತಿರುವಿಸಲು ಯಾರ ಸಹಿ ಕೇಳಬೇಕು? ಬಾಡಿಗೆದಾರರಿದ್ದ ಮನೆಗಳ ಪಾಡು ಇನ್ನೊಂದು ಬಗೆ. 1968ರ ಬಾಡಿಗೆ ನಿಯಂತ್ರಣ ಕಾನೂನಿನಿಂದಾಗಿ ಹಳೆಯ ಬಾಡಿಗೆ ಹಳೆಯದಾಗಿಯೇ ಉಳಿಯಿತು. ಬಂದ ದುಡ್ಡು ಸುಣ್ಣಕ್ಕೂ ಸಾಲದು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಹೊಯ್ಯುವ ಊರಿನಲ್ಲಿ ಎರಡು ಮಳೆಗಾಲ ಮಾಡು ನೋಡದೆ ಬಿಟ್ಟರೆ ಮುಗಿಯಿತು, ಪಕಾಸಿಗೆ ಗೆದ್ದಲು.

ಆಮೇಲೆ ಪಾಸ್‌ಪೋರ್ಟು. 1961ರ ಡಿಸೆಂಬರ್ 19ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರಿಗೂ ಅವರ ಸಂತತಿಗೂ ಪೋರ್ಚುಗಲ್ಲಿನ ಪೌರತ್ವ ಪಡೆಯುವ ದಾರಿ ಇದೆ. ಆ ಪುಸ್ತಕ ಹಿಡಿದು ಸಾವಿರಾರು ಮಂದಿ ಇಂಗ್ಲೆಂಡಿಗೆ ಹೋದರು. ಸ್ವಿಂಡನ್ ಎಂಬ ಊರಿನಲ್ಲಿ ಈಗ ದೊಡ್ಡ ಗೋವೆಯೇ ಇದೆ. ಅವರನ್ನು ದೂರುವ ಬಾಯಿ ನನಗಿಲ್ಲ. ನಮ್ಮ ಉತ್ತರ ಕನ್ನಡದ ಎಷ್ಟು ಮನೆಗಳಲ್ಲಿ ಇಬ್ಬರೇ ಮುದುಕರು ಉಳಿದಿದ್ದಾರೆ ಎಂದು ಗೊತ್ತಿರುವವನು ದೂರಲಾರ. ಮಾಡು ತಿರುವಿಸುವ ಕೈ ಇಲ್ಲದ ಮನೆಗೆ ಕೊನೆಗೆ ಬರುವವನು ಹೋಟೆಲ್ಲಿನವನೇ. ಅವನು ಬಾರದಿದ್ದರೆ ಗೋಡೆಯೂ ಉಳಿಯುತ್ತಿರಲಿಲ್ಲ, ಬಂದದ್ದರಿಂದ ಗೋಡೆ ಮಾತ್ರ ಉಳಿಯಿತು.

ಆದರೂ ಕೆಲವರು ಉಳಿದಿದ್ದಾರೆ. ಅವರ ಗೋಡೆಗಳ ಮೇಲೆ ‘ಫೋಟೊ ತೆಗೆಯಬೇಡಿ’ ಎಂಬ ಫಲಕಗಳಿವೆ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಇವರ ಮೆಟ್ಟಿಲ ಮೇಲೆ ಕೂತು, ಬಾಗಿಲಿಗೆ ಒರಗಿ, ಒಳಗಿನವರು ಹೊರಬಂದರೆ ಅವರೇ ಅಡ್ಡ ಬಂದರೆಂಬಂತೆ ನೋಡುತ್ತಾರೆ. 2000ರ ದಶಕದ ಆರಂಭದಲ್ಲಿ ಗೋವಾ ಹೆರಿಟೇಜ್ ಆ್ಯಕ್ಷನ್ ಗ್ರೂಪಿನವರು ಇಲ್ಲಿ ಕಲಾ ಉತ್ಸವ ನಡೆಸಿದಾಗ ಇದೇ ಜನ ತಮ್ಮ ಪಡಸಾಲೆಗಳನ್ನು ಚಿತ್ರಪ್ರದರ್ಶನಕ್ಕೆ ತೆರೆದುಕೊಟ್ಟಿದ್ದರು. ಕರೆದು ಕೂರಿಸಿದ ಬಾಗಿಲುಗಳೇ ಈಗ ಚಿಲಕ ಹಾಕಿಕೊಂಡಿವೆ.

ತವೆರ್ನಗಳ, ಅಂದರೆ ಹಳೆಯ ಹೆಂಡದಂಗಡಿಗಳ, ಗತಿಯೂ ಅಷ್ಟೇ. ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡಾ ಗೆರೆಗಳಲ್ಲಿ ಹಿಡಿದಿಟ್ಟ ಹೊಟ್ಟೆ ಡೊಳ್ಳಿನ ಮಾಲಿಕ, ಮೇಜಿನ ಕೆಳಗಿನ ನಾಯಿ, ಫೆನ್ನಿಯ ಗ್ಲಾಸು, ಮೂಲೆಯ ಗಿಟಾರಿನವನು: ಇವರೆಲ್ಲ ಈಗ ಚಹದ ಕಪ್ಪು, ಗೋಡೆಯ ಟೈಲು, ಫ್ರಿಜ್ ಮ್ಯಾಗ್ನೆಟ್ಟುಗಳ ಮೇಲೆ ಭರ್ಜರಿಯಾಗಿ ಬದುಕಿದ್ದಾರೆ. 2011ರಲ್ಲಿ ಮಾರಿಯೊ ಹೋದರು. ಆ ಗಿರಾಕಿಗಳೂ ಒಬ್ಬೊಬ್ಬರಾಗಿ ಹೋದರು. ಫೆನ್ನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದನ್ನು ಸಂಜೆ ಒಂದು ಪೆಗ್ಗು ಕುಡಿದು, ಒಂದು ಮಾತಾಡಿ ಮನೆಗೆ ಹೋಗುತ್ತಿದ್ದ ಗುಮಾಸ್ತನ ಜಾಗದಲ್ಲಿ ಕಾಕ್‌ಟೇಲಿನ ಪಟ್ಟಿ ನಿಂತಿದೆ.

ಮೊನ್ನೆ ಹೋದಾಗ ಅಂಥದೊಂದು ಹೆಸರಾದ ಊಟದ ಮನೆಯಲ್ಲಿ ಕಾಫ್ರಿಯಾಲ್ ಕೋಳಿ ತಿಂದೆ. ಹಸಿರು ಮಸಾಲೆ, ನಿಂಬೆ, ರಮ್ಮಿನ ಒಂದು ಎಳೆ, ಎಲ್ಲವೂ ಹದವಾಗಿತ್ತು. ಮಾಡಿದವರನ್ನು ನೋಡಬೇಕೆಂದೆ. ಒಳಗಿನಿಂದ ಬಂದದ್ದು ಹೆಗಲಿಗೆ ಟವೆಲ್ ಹಾಕಿಕೊಂಡ ತರುಣ.

ನನ್ನ ಕೈಯಲ್ಲಿದ್ದ ಕನ್ನಡ ಪತ್ರಿಕೆ ನೋಡಿ, ‘ನಮ್ಮ ಕಡೆಯವರೇನ್ರಿ ಸರ?’ ಎಂದ. ಅವನ ಊರು ಸವಣೂರು. ಪಾತ್ರೆ ತೊಳೆಯಲು ಬಂದವನು, ಮನೆಯ ಹಿರಿಯಾಕೆ ಕೈಹಿಡಿದು ಕಲಿಸಿದರಂತೆ. ಆಕೆಯ ಮಕ್ಕಳು ಹೊರದೇಶದಲ್ಲಿ. ಅಡುಗೆಯ ಗುಟ್ಟು ಕೇಳಿದೆ. ‘ಹಸಿ ಕೊತ್ತಂಬ್ರಿ ಭಾಳ ಹಾಕ್ಬೇಕ್ರಿ. ಬೆಳಗಾವ್ದ ಕೊತ್ತಂಬ್ರಿ ಬರ್ತದ್ರಿ ಇಲ್ಲಿಗೆ. ಹಿಂದಿನ ದಿನಾನ ಹಚ್ಚಿ ಇಡಬೇಕು, ಆ ಅಮ್ಮಾರು ಅದನ್ನ ಬಿಟ್ಟುಕೊಡ್ತಿರಲಿಲ್ಲ.’ ಉಳಿಯುವುದೆಲ್ಲಿ ಎಂದರೆ ಊರ ಹೊರಗೆ, ನಾಲ್ಕು ಮಂದಿ ಸೇರಿ ಹಿಡಿದ ಕೋಣೆಯಲ್ಲಿ. ಕೊನೆಯ ಬಸ್ಸು ತಪ್ಪಿದರೆ ಅಡುಗೆಮನೆಯಲ್ಲೇ ಚಾಪೆ.

‘ಊರಿಗೆ ಹೋದಾಗ ಮನ್ಯಾಗ ಮಾಡಿ ಉಣಿಸ್ತೀಯೋ ಇಲ್ಲೋ?’ ಎಂದೆ.

ಅವನು ನಕ್ಕ. ‘ಎಲ್ಲಿದು ತಗೀರಿ. ನಮ್ಮ ಮನ್ಯಾಗ ಕೋಳಿ ನಡ್ಯಂಗಿಲ್ರಿ.’