ಡೇಟನ್ ಪಟ್ಟಣದಲ್ಲಿ ಕಂಡ ಎರಡು ವಿಮಾನಗಳು

ಅಮೆರಿಕಾ ದೇಶದ ಒಹಾಯೋ ಸಂಸ್ಥಾನದಲ್ಲಿ ಗ್ರೇಟ್ ಮಯಾಮಿ ಎಂಬ ನದಿಯ ದಡದ ಮೇಲೆ ಡೇಟನ್ ಎಂಬ ಪಟ್ಟಣವಿದೆ. ರೈಟ್ ಸಹೋದರರ ಊರೆಂದರೆ ವಾಚಕರಿಗೆ ಕೂಡಲೇ ಗುರುತು ಸಿಕ್ಕೀತು. ಕಳೆದ ಶರತ್ಕಾಲದಲ್ಲಿ ನಾವು ದಂಪತಿಗಳು ಅಲ್ಲಿ ಮೂರು ವಾರ ಇದ್ದೆವು. ನಮ್ಮ ಅಕ್ಕನ ಮಗ ಆ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಹೊರಡುವ ಮುನ್ನ ಮೈಸೂರಿಗೆ ಹೋಗಿ ಅಕ್ಕನಿಗೆ ಹೇಳಿಬರುವಾಗ ಆಕೆ ಚಟ್ನಿಪುಡಿಯ ಪೊಟ್ಟಣವನ್ನು ಕೈಗಿತ್ತು, "ಅವನ ವಿಮಾನ ಎಲ್ಲಿಗೆ ಬಂತೆಂದು ನೋಡಿಕೊಂಡು ಬನ್ನಿ. ನಾನು ಕೇಳಿದರೆ ಮಾತು ಮರೆಸುತ್ತಾನೆ. ನನ್ನ ಕಾಯಿಲೆಯಿಂದಲೇ ಅದು ನಿಂತಿತು" ಎಂದಳು. ಆಕೆಯ ಕಣ್ಣು ತುಂಬಿದ್ದಿತು.

ಮನೆಯಲ್ಲಿ ವಿಮಾನವೇ ಎಂದು ವಾಚಕರು ಬೆರಗಾಗಬಾರದು. ಅಮೆರಿಕಾದಲ್ಲಿ ಸಾಮಾನ್ಯ ಗೃಹಸ್ಥನು ಕಲಿಕೆಗಾಗಿಯೋ ವಿನೋದಕ್ಕಾಗಿಯೋ ವಿಮಾನವನ್ನು ಕಟ್ಟಬಹುದು. ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ಹವ್ಯಾಸಿಗಳ ಕೈಯಿಂದಲೇ ಆಗಿರಬೇಕು. ತಪಾಸಣೆಯಾದ ಮೇಲೆ ಅದನ್ನು ಹಾರಿಸಲು ಅಪ್ಪಣೆ ದೊರೆಯುತ್ತದೆ. ಇಂಥವರಿಗಾಗಿ 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಒಂದು ಸಂಘವನ್ನು ಸ್ಥಾಪಿಸಿದರು. ವಿಸ್ಕಾನ್ಸಿನ್ ಸಂಸ್ಥಾನದ ಆಷ್‌ಕಾಷ್ ಎಂಬ ಊರಿನಲ್ಲಿ ಬೇಸಗೆಯಲ್ಲಿ ಆ ಸಂಘದ ದೊಡ್ಡ ಜಾತ್ರೆ ಸೇರುತ್ತದೆ. ಬಿಡಿ ಭಾಗಗಳನ್ನೂ ನಕ್ಷೆಗಳನ್ನೂ ಮನೆಗೆ ಕಳುಹಿಸಿಕೊಡುವ ಕಾರ್ಖಾನೆಗಳೂ ಇವೆ. ಕಟ್ಟುವುದು ಮಾತ್ರ ಮನೆಯವರ ಪಾಲು.

ನಾವು ತಲಪಿದ ಮರುದಿನವೇ ಅಳಿಯನು ಗ್ಯಾರೇಜಿನ ಬಾಗಿಲನ್ನು ತೆರೆದು ತೋರಿಸಿದನು. ಕಾರು ನಿಲ್ಲಬೇಕಾದ ಜಾಗದಲ್ಲಿ ಅಲ್ಯುಮಿನಿಯಂ ತಗಡಿನ ಬಾಲವೂ ಪೂರ್ತಿಯಾದ ಒಂದು ರೆಕ್ಕೆಯೂ ಇದ್ದುವು. ಇನ್ನೊಂದು ರೆಕ್ಕೆ ಪಕ್ಕೆಲುಬುಗಳು ಮಾತ್ರ ಕಾಣುವ ಅಸ್ಥಿಪಂಜರದಂತೆ ಗೋಡೆಗೆ ಒರಗಿದ್ದಿತು. ಅದರ ಮೇಲೆ ಮಗುವಿನ ಹಳೆಯ ತೊಟ್ಟಿಲು, ಹಿಮ ಎತ್ತುವ ಸಲಿಕೆ, ಒಣಹಾಕಿದ ಕಂಬಳಿ. ಇಂಧನದ ತೊಟ್ಟಿಯ ಸಂದುಗಳಿಗೆ ಬಳಿಯುವ ಅಂಟು ಅವಧಿ ಮೀರಿ ಡಬ್ಬಿಯಲ್ಲೇ ಕೆಟ್ಟಿದ್ದಿತು.

ಬೆಂಚಿನ ಮೇಲೆ ಒಂದು ದಪ್ಪ ಪುಸ್ತಕವಿದ್ದಿತು. ಯಾವ ದಿನ ಎಷ್ಟು ಹೊತ್ತು ಏನು ಮಾಡಿದುದೆಂದು ಕಟ್ಟುವವರು ಬರೆದಿಟ್ಟು, ತಪಾಸಣೆಯವರಿಗೆ ತೋರಿಸಬೇಕು. ಮೊದಲ ಪುಟ ಹನ್ನೊಂದು ವರ್ಷಗಳ ಹಿಂದಿನದು. ಮೊದಲ ವರ್ಷ ವಾರಕ್ಕೆ ನಾಲ್ಕು ದಿನದ ಬರಹವಿದೆ. ಅನಂತರ ಒಮ್ಮೆಗೇ ಹದಿನಾಲ್ಕು ತಿಂಗಳು ಹಾರಿಹೋಗಿದೆ. ಮತ್ತೆ ಕೆಲವು ಪುಟಗಳು. ಮತ್ತೆ ಒಂಬತ್ತು ತಿಂಗಳ ಮೌನ. ಕಡೆಯ ಬರಹವಾಗಿ ಎರಡು ವರ್ಷಗಳಾಗಿದ್ದುವು.

ಪುಸ್ತಕದಲ್ಲಿ ಇಲ್ಲದುದನ್ನು ಅವನ ಹೆಂಡತಿ ನಮ್ಮ ಮನೆಯಾಕೆಗೆ ಬಾಯಲ್ಲಿ ಹೇಳಿದಳು. "ಇದು ಮಗು ಹುಟ್ಟಿದಾಗ, ಅತ್ತೆ. ಇದು ಇವರ ಕೆಲಸ ಹೋದಾಗ. ಇದು ಊರಿನಲ್ಲಿ ಅಮ್ಮನಿಗೆ ಪಾರ್ಶ್ವವಾಯು ಬಡಿದು, ಇವರು ನಾಲ್ಕು ತಿಂಗಳು ಹಾಸಿಗೆಯ ಪಕ್ಕದಲ್ಲೇ ಇದ್ದಾಗ." ಅಳಿಯನು ಪುಸ್ತಕವನ್ನು ಮುಚ್ಚಿದನು. "ಮಾವ, ಸೋಮವಾರ ಒಬ್ಬರು ನೋಡಲು ಬರುತ್ತಾರೆ. ಬೆಲೆ ಕುದುರಿದರೆ ಎಲ್ಲವನ್ನೂ ಕೊಟ್ಟುಬಿಡುತ್ತೇನೆ. ಅಮ್ಮನಿಗೆ ಮಾತ್ರ ಹೇಳಬೇಡಿ" ಎಂದನು. ಅಕ್ಕನ ಮಾತು ನಮ್ಮ ಗಂಟಲಿನಲ್ಲೇ ಉಳಿಯಿತು.

ಶನಿವಾರ ಅವನೇ ನಮ್ಮನ್ನು ಊರು ತೋರಿಸಲು ಕರೆದೊಯ್ದನು. ಮೊದಲು ಸೌತ್ ವಿಲಿಯಮ್ಸ್ ಬೀದಿಯ 22ನೆಯ ನಂಬರಿನ ಇಟ್ಟಿಗೆ ಕಟ್ಟಡ. 1895ರಿಂದ 1897ರವರೆಗೆ ರೈಟ್ ಸಹೋದರರು ಇಲ್ಲಿ ಬೈಸಿಕಲ್ಲಿನ ಅಂಗಡಿಯನ್ನಿಟ್ಟಿದ್ದರು. ವಿಮಾನ ಹುಟ್ಟಿದ ಅಂಗಡಿ ಇದಲ್ಲ. ಅದು ವೆಸ್ಟ್ ಥರ್ಡ್ ಬೀದಿಯಲ್ಲಿದ್ದಿತು. ಆ ಅಂಗಡಿಯನ್ನೂ ಹಾಥಾರ್ನ್ ಬೀದಿಯ ಅವರ ಮನೆಯನ್ನೂ ಹೆನ್ರಿ ಫೋರ್ಡರು ಕೊಂಡು, 1930ರ ದಶಕದಲ್ಲಿ ಮಿಷಿಗನ್ ಸಂಸ್ಥಾನದ ತಮ್ಮ ಗ್ರೀನ್‌ಫೀಲ್ಡ್ ಗ್ರಾಮಕ್ಕೆ ಸಾಗಿಸಿದರು. ಆದರೂ ಹಾಥಾರ್ನ್ ಬೀದಿಗೆ ಹೋಗಿ ನಿಂತೆವು. ಮನೆ ಇಲ್ಲದಿದ್ದರೇನು, ಮನೆತನದ ಕಥೆ ಅಲ್ಲಿಯದೇ.

ಆ ಕಥೆಯನ್ನು ನಾವು ಮೊದಲು ಓದಿದ್ದುದು ಬೇರೆ ರೀತಿಯಲ್ಲಿ. ಇಬ್ಬರು ತರುಣರು ಹಾರಬೇಕೆಂದು ಹಟ ಹಿಡಿದರು, ಹಾರಿದರು, ಅಷ್ಟೆ. ಈ ಬೀದಿಯಲ್ಲಿ ನಿಂತು ನೆನೆದಾಗ ಕಂಡುದು ಬಿಟ್ಟುಹೋದ ಪುಟಗಳು. 1885-86ರ ಚಳಿಗಾಲದಲ್ಲಿ ಆಟವಾಡುತ್ತ ವಿಲ್ಬರನ ಮುಖಕ್ಕೆ ಪೆಟ್ಟು ಬಿದ್ದಿತು. ಕಾಲೇಜಿಗೆ ಹೋಗುವ ಯೋಚನೆ ಅಲ್ಲಿಗೆ ನಿಂತಿತು. ಮನೆಯಲ್ಲಿಯೇ ಉಳಿದ ಅವನು ಕ್ಷಯದಿಂದ ಬಳಲುತ್ತಿದ್ದ ತಾಯಿ ಸೂಸನ್ನಳ ಶುಶ್ರೂಷೆಯನ್ನು, 1889ರ ಜುಲೈ 4ರಂದು ಆಕೆ ಕಣ್ಣುಮುಚ್ಚುವವರೆಗೆ ಮಾಡಿದನು. 1896ರಲ್ಲಿ ಆರ್ವಿಲ್ಲನು ವಿಷಮಶೀತಜ್ವರದಿಂದ ವಾರಗಟ್ಟಲೆ ಪ್ರಜ್ಞೆತಪ್ಪಿ ಮಲಗಿದನು. ಅಣ್ಣನೂ ತಂಗಿ ಕ್ಯಾಥರೀನಳೂ ಸರದಿಯ ಮೇಲೆ ಕಾದರು. ಹಾರಾಟದ ಸಾಹಸಿಯಾದ ಜರ್ಮನಿಯ ಲಿಲಿಯೆಂಥಾಲನು ಬಿದ್ದು ಸತ್ತುದು ಆ ವರ್ಷದ ಆಗಸ್ಟಿನಲ್ಲಿಯೇ. ಆ ಸುದ್ದಿ ಇಬ್ಬರ ಹಳೆಯ ಆಸೆಯನ್ನು ಕೆದಕಿತು.

ಆಮೇಲೂ ಕೆಲಸವು ನೇರವಾಗಿ ಸಾಗಲಿಲ್ಲ. 1901ರ ಕಡೆಯಲ್ಲಿ ಅವರು ಆರು ಅಡಿ ಉದ್ದದ ಮರದ ಪೆಟ್ಟಿಗೆಯಲ್ಲಿ ಗಾಳಿ ಬೀಸಿಸಿ, ನೂರಾರು ಪುಟ್ಟ ರೆಕ್ಕೆಗಳ ಮಾದರಿಗಳನ್ನು ಪರೀಕ್ಷಿಸಿದರು. ಡಿಸೆಂಬರ್ ಬಂದಿತು; ಮುಂದಿನ ವಸಂತಕ್ಕೆ ಬೈಸಿಕಲ್ಲುಗಳು ಸಿದ್ಧವಾಗಬೇಕು. ಪೆಟ್ಟಿಗೆಯ ಕೆಲಸವನ್ನು ಬದಿಗಿಟ್ಟರು. 1902ರಲ್ಲಿ ತಂದೆ ಮಿಲ್ಟನ್ ರೈಟರು ತಮ್ಮ ಕ್ರೈಸ್ತಸಭೆಯ ಹಣದ ಲೆಕ್ಕದ ವ್ಯಾಜ್ಯದಲ್ಲಿ ಸಿಕ್ಕಿಕೊಂಡರು. ವಿಲ್ಬರನು ಲೆಕ್ಕಗಳನ್ನು ಕೂಲಂಕಷವಾಗಿ ನೋಡಿ ತಂದೆಯ ಪಕ್ಷವನ್ನು ಬರೆದುಕೊಟ್ಟನು. 1903ರ ಫೆಬ್ರವರಿಯಲ್ಲಿ, ಅಂಗಡಿಯ ಕೆಲಸಗಾರ ಚಾರ್ಲಿ ಟೇಲರನು ಆರು ವಾರಗಳಲ್ಲಿ ಕಟ್ಟಿದ ಎಂಜಿನಿನ ಎರಕದ ಒಡಲು ಒಡೆಯಿತು. ಹೊಸದು ಬರಲು ಏಪ್ರಿಲ್ ಆಯಿತು. ಅದೇ ವರ್ಷ ನವೆಂಬರಿನಲ್ಲಿ ಸಮುದ್ರತೀರದ ಕಿಟಿ ಹಾಕಿನ ಬಳಿ ಪ್ರೊಪೆಲ್ಲರಿನ ದಂಡ ಮತ್ತೆ ಬಿರುಕುಬಿಟ್ಟಾಗ, ಹೊಸ ಉಕ್ಕಿನ ದಂಡ ಮಾಡಿ ತರಲು ಆರ್ವಿಲ್ಲನು ಡೇಟನ್ನಿಗೇ ಹಿಂದಿರುಗಬೇಕಾಯಿತು. ಡಿಸೆಂಬರ್ 13 ಬಂದಿತು. ಆದರೆ ಆ ದಿನ ಭಾನುವಾರ. ಭಾನುವಾರ ಅವರು ಹಾರುವವರಲ್ಲ! ಕಡೆಗೆ 17ರಂದು ಆರ್ವಿಲ್ಲನು ಹನ್ನೆರಡು ಸೆಕೆಂಡು, 120 ಅಡಿ ದೂರ ಹಾರಿದನು.

ಎಲ್ಲ ಅಡ್ಡಿಯೂ ಒಳ್ಳೆಯದೇ ಎಂದು ನಾವು ಹೇಳುವುದಿಲ್ಲ. ವಿಮಾನವೂ ಇತರರ ಬಾಳಿಗೆ ಅಡ್ಡಬಂದುದುಂಟು. 1908ರಲ್ಲಿ ಆರ್ವಿಲ್ಲನು ವಿಮಾನದೊಡನೆ ಬಿದ್ದು ಮೈಮುರಿದುಕೊಂಡಾಗ, ಲ್ಯಾಟಿನ್ ಉಪಾಧ್ಯಾಯಿನಿಯಾಗಿದ್ದ ಕ್ಯಾಥರೀನಳು ರಜ ಪಡೆದು ಆಸ್ಪತ್ರೆಗೆ ಧಾವಿಸಿದಳು. ಮತ್ತೆಂದೂ ಪಾಠಶಾಲೆಗೆ ಹಿಂದಿರುಗಲಿಲ್ಲ. ಆದರೆ ಆ ಮನೆಯವರು ಒಬ್ಬರಿಗಾಗಿ ಒಬ್ಬರು ನಿಂತುದನ್ನು ಕಾಲಹರಣವೆಂದು ಎಣಿಸಿದಂತೆ ತೋರುವುದಿಲ್ಲ. ಬೈಸಿಕಲ್ಲಿನ ಲಾಭದಿಂದಲೇ ವಿಮಾನದ ವೆಚ್ಚವೂ ನಡೆಯಿತು.

ಕಾರಿಲನ್ ಉದ್ಯಾನದಲ್ಲಿ 1905ರ ವಿಮಾನವನ್ನು ಕಂಡೆವು. ಮರ, ಬಟ್ಟೆ, ತಂತಿ, ಬೈಸಿಕಲ್ಲಿನಲ್ಲಿರುವಂಥ ಸರಪಣಿ. ನುರಿತ ಕೈಗಳ ಮನೆಗೆಲಸವೆಂದು ನೋಡಿದೊಡನೆ ತಿಳಿಯುತ್ತದೆ. ಅದು ಹಾರಿದ ಹಫ್‌ಮನ್ ಬಯಲು ಈಗ ಸೇನೆಯ ವಿಮಾನನೆಲೆಯ ಆವರಣಕ್ಕೆ ಸೇರಿದೆ. 1905ರ ಅಕ್ಟೋಬರ್ 5ರಂದು ವಿಲ್ಬರನು ಇಲ್ಲಿ 39 ನಿಮಿಷಗಳಲ್ಲಿ 24 ಮೈಲಿಗಳನ್ನು ಸುತ್ತಿದನು. ಎತ್ತರದ ಹುಲ್ಲು ಗಾಳಿಗೆ ಒಲೆಯುತ್ತಿದ್ದಿತು. ಆಗ ನಾವು ಅಕ್ಕನ ಮಾತನ್ನು ಅಳಿಯನಿಗೆ ಹೇಳಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. "ಅಮ್ಮ ಹಾಗೆಂದುಕೊಂಡಿದ್ದಾಳೆಯೆ, ಮಾವ? ಆ ನಾಲ್ಕು ತಿಂಗಳು ನಾನು ಅಲ್ಲಿಲ್ಲದೆ ಇಲ್ಲಿ ರಿವೆಟ್ಟು ಹೊಡೆಯುತ್ತಿದ್ದಿದ್ದರೆ, ಆ ವಿಮಾನದಲ್ಲಿ ಕೂರಲು ನನಗೆ ಮನಸ್ಸು ಬರುತ್ತಿತ್ತೆ?" ಎಂದನು.

ಭಾನುವಾರ ರಾತ್ರಿ ಅವನು ಕೊಳ್ಳುವವರಿಗೆ ಬರಬೇಡಿರೆಂದು ತಿಳಿಸಿದನು. ಹೆಂಡತಿ ತೊಟ್ಟಿಲನ್ನೂ ಕಂಬಳಿಯನ್ನೂ ರೆಕ್ಕೆಯ ಮೇಲಿಂದ ತೆಗೆದಳು. ರಿವೆಟ್ಟು ಹೊಡೆಯಲು ಇಬ್ಬರು ಬೇಕು: ಒಬ್ಬರು ಹೊರಗಿನಿಂದ ಯಂತ್ರದ ಸುತ್ತಿಗೆಯನ್ನು ನಡೆಸಬೇಕು, ಇನ್ನೊಬ್ಬರು ಒಳಗಿನಿಂದ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಮೊದಲ ವರ್ಷ ಹಿಡಿದವಳು ಅವಳೇ. ಈ ಸಲ ಗಟ್ಟಿಯನ್ನು ಹಿಡಿಯಲು ಮುಂದೆ ಬಂದವಳು ಹತ್ತು ವರ್ಷದ ಮಗಳು. ಹದಿನಾಲ್ಕು ತಿಂಗಳ ಪುಟಗಳನ್ನು ನುಂಗಿದವಳು ಅವಳೇ ಅಲ್ಲವೆ! ಅವಳ ಸಣ್ಣ ಕೈ ತಂದೆಯ ಕೈ ಹೋಗದ ಸಂದಿಗೆ ಹೋಗುತ್ತಿದ್ದಿತು. ಆ ರಾತ್ರಿ ಹನ್ನೊಂದು ರಿವೆಟ್ಟುಗಳಾದುವು; ಎರಡು ಸೊಟ್ಟಗಾಗಿ ತೆಗೆಯಬೇಕಾಯಿತು. ಪುಸ್ತಕದಲ್ಲಿ ದಿನಾಂಕವನ್ನು ಮಗಳೇ ಬರೆದಳು.

ವಿಮಾನ ಎಂದು ಮುಗಿಯುವುದೋ ನಾವು ಹೇಳಲಾರೆವು. ಮುಂದೆಯೂ ಪುಟಗಳು ಹಾರಿಹೋಗಬಹುದು. ಮೈಸೂರಿಗೆ ಬಂದು ಅಕ್ಕನಿಗೆ ನಡೆದುದೆಲ್ಲವನ್ನೂ ಹೇಳಿದೆವು. ಆಕೆ ಕೋಲನ್ನು ಮಡಿಲಿನ ಮೇಲಿಟ್ಟುಕೊಂಡು ಕಡೆಯವರೆಗೂ ಕೇಳಿದಳು. ಅನಂತರ ಸೆರಗಿನಿಂದ ಕಣ್ಣೊರಸಿಕೊಂಡು, "ಅಷ್ಟು ಸದ್ದಿನಲ್ಲಿ ಮಗುವಿನ ಕಿವಿಗೆ ಏನಾದರೂ ಹಾಕಿದ್ದರೆ?" ಎಂದು ಕೇಳಿದಳು. ಹಾಕಿದ್ದರೆಂದು ಹೇಳಿದ ಮೇಲೆಯೇ ಕಾಫಿಗೆ ನೀರಿಡಲು ಎದ್ದಳು.