ಅಣ್ಣನ ದಾಂಡುಗಳು

ಅರುವತ್ತು ದಾಟಿದವನು ಆಟದ ಸಾಮಾನನ್ನು ಕುರಿತು ಬರೆಯಹೊರಟರೆ ವಾಚಕರು ನಗಬಹುದು. ನಗಲಿ, ಆದರೆ ಈ ವಿಷಯವು ಒಂದು ತಿಂಗಳು ನನ್ನ ನಿದ್ರೆಯನ್ನು ಕೆಡಿಸಿತೆಂಬುದನ್ನೂ ಅವರು ಬಲ್ಲವರಾಗಲಿ.

ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ. ಇಲ್ಲಿಯ ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಸ್ಥಾಪಿತವಾಯಿತು. ನನಗೆ ಈ ಆಟವನ್ನು ಕಲಿಸಿದವನು ನನ್ನ ಅಣ್ಣ. ಅವನು ತೀರಿಕೊಂಡ ಮೇಲೆ ಅವನ ಐರನ್ ದಾಂಡುಗಳು ನನ್ನ ಪಾಲಿಗೆ ಬಂದುವು. ಅವು ಬ್ಲೇಡ್ ಎಂಬ ಹಳೆಯ ಮಾದರಿಯವು. ಮುಖ ಚಿಕ್ಕದು, ಬೆನ್ನು ತುಂಬಿದ್ದು. ಚೆಂಡು ನಟ್ಟನಡುವೆ ತಗುಲಿದರೆ ಅಮೃತ. ಬೆರಳಿನಗಲ ತಪ್ಪಿದರೆ ದಾಂಡು ತಿರುಚಿಕೊಂಡು ಮೊಣಕೈಯವರೆಗೂ ಜುಮ್ಮೆನ್ನುವುದು. ಕಳೆದ ವರ್ಷ ಆ ಜುಮ್ಮು ನೋವಾಗಿ ನಿಂತಿತು. "ಆಟ ಬಿಡಿ, ಇಲ್ಲವೆ ಈ ದಾಂಡುಗಳನ್ನು ಬಿಡಿ" ಎಂದರು ಡಾಕ್ಟರು.

ಸ್ನೇಹಿತರೊಬ್ಬರು ತಮ್ಮಲ್ಲಿದ್ದ ಎರಡು ಸೆಟ್ಟುಗಳನ್ನು ಪರೀಕ್ಷೆಗೆ ಕೊಟ್ಟರು. ಎರಡೂ ಕ್ಯಾವಿಟಿ ಬ್ಯಾಕ್ ಜಾತಿಯವು. ಎಂದರೆ ಬೆನ್ನನ್ನು ತೋಡಿ, ಭಾರವನ್ನು ಅಂಚಿಗೆ ಸರಿಸಿದವು. ಹಗ್ಗದ ಮೇಲೆ ನಡೆಯುವ ದೊಂಬನು ಉದ್ದ ಗಳುವನ್ನು ಹಿಡಿಯುವುದಿಲ್ಲವೆ? ಭಾರವು ನಡುವಿನಿಂದ ದೂರವಿದ್ದಷ್ಟೂ ವಸ್ತುವು ಬೇಗನೆ ತಿರುಗದು. ಅಮೆರಿಕದ ಕಾರ್ಸ್ಟನ್ ಸೋಲ್ಹೈಮ್ ಎಂಬ ಎಂಜಿನಿಯರು 1959ರಲ್ಲಿ ಈ ತತ್ತ್ವವನ್ನು ಪಟ್ಟರಿಗೆ ಅನ್ವಯಿಸಿ, ಬಳಿಕ ಐರನ್ನುಗಳಿಗೂ ತಂದರು. ಅವರವು ಎರಕದವು, ನನ್ನ ಕೈಗೆ ಬಂದವು ಬಡಿದು ಮಾಡಿದವು.

ಮೊದಲನೆಯದು ಜಪಾನಿನ ಮಿಜುನೊ ಕಂಪನಿಯದು. ಹಿರೋಷಿಮಾದಲ್ಲಿ ಮಿದು ಉಕ್ಕಿನ ತುಂಡನ್ನು ಕೆಂಪಗೆ ಕಾಯಿಸಿ, ಅಚ್ಚಿನಲ್ಲಿಟ್ಟು ಬಡಿದು ಮಾಡಿದ್ದು. ಉಕ್ಕು ಮಿದುವಾದುದರಿಂದ ಆಟಗಾರನಿಗೆ ತಕ್ಕಂತೆ ಅದರ ಕುತ್ತಿಗೆಯನ್ನು ಒಂದೆರಡು ಡಿಗ್ರಿ ಬಾಗಿಸಲೂ ಬರುತ್ತದೆ. ಎರಡನೆಯದರ ಅಡಿ ಅಗಲ, ತೋಡು ಆಳ. ಅದರ 7ನೆಯ ದಾಂಡಿನಿಂದ ಚೆಂಡು ಹತ್ತು ಗಜ ಹೆಚ್ಚು ಹೋಯಿತು, ನಾನು ಹಿಗ್ಗಿದೆನು. ಆಮೇಲೆ ಅಳೆದು ನೋಡಿದರೆ ಅದರ ಮುಖದ ಓರೆ 30 ಡಿಗ್ರಿ, ಅಣ್ಣನದು 35! ಕೆತ್ತಿದ್ದು 7 ಎಂದಾದರೂ ಅದು ಹೆಚ್ಚುಕಡಿಮೆ ಹಳೆಯ 6ನೆಯದೇ. ಅಲ್ಲದೆ ಚೆಂಡು ಹಸುರಿನ ಮೇಲೆ ನಿಲ್ಲದೆ ಉರುಳಿಹೋಗುತ್ತಿತ್ತು. ಅಂಕಿಯನ್ನು ನಂಬಿ ಕೊಳ್ಳುವವರು ಇದನ್ನು ಗಮನಿಸಬೇಕು.

ಮೊದಲನೆಯದೇ ನನಗೆ ಒಪ್ಪಿತು. ಆದರೆ ಹೊಸದರ ಬೆಲೆ ಲಕ್ಷ ರೂಪಾಯಿಗೂ ಮೇಲೆ. ಅದಕ್ಕಿಂತಲೂ ಹೆಚ್ಚಾಗಿ, ಅಣ್ಣನ ದಾಂಡುಗಳನ್ನು ಅಟ್ಟಕ್ಕೆ ಹಾಕುವುದು ಅವನನ್ನೇ ಮರೆತಂತೆ ತೋರಿತು. ನನ್ನ ಈ ತೊಳಲಾಟವನ್ನು ಕೆಲವು ದಿನ ಸುಮ್ಮನೆ ನೋಡುತ್ತಿದ್ದ ನನ್ನ ಹೆಂಡತಿ ಒಂದು ರಾತ್ರಿ, "ಭಾವನವರು ನಿಮಗೆ ಆಟ ಕಲಿಸಿದರೋ, ನೋವು ತಿನ್ನುವುದನ್ನು ಕಲಿಸಿದರೋ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಸ್ನೇಹಿತರಿಂದ ಆ ಬಳಸಿದ ಸೆಟ್ಟನ್ನೇ ಕಡಮೆ ಬೆಲೆಗೆ ಕೊಂಡೆನು. ಮೊದಲ ದಿನ ಬೆಳಗ್ಗೆ ಹೊಡೆತ ನಡುವಿನಿಂದ ತಪ್ಪಿತು; ಆದರೂ ಚೆಂಡು ಹಸುರಿನ ಅಂಚಿನವರೆಗೆ ಹೋಯಿತು, ಮೊಣಕೈ ಸುಮ್ಮನಿತ್ತು. "ತಪ್ಪಿಗೆ ಶಿಕ್ಷೆಯಿಲ್ಲದ ಆಟ ಎಂಥದೋ?" ಎಂದು ಅಣ್ಣ ಗದರಿಸುತ್ತಿದ್ದನು, ನಿಜ. ಆದರೆ ಮನೆಯಲ್ಲಿ ನಾನು ಮಾಡಿದ ತಪ್ಪುಗಳನ್ನೆಲ್ಲ ಅಪ್ಪನಿಂದ ಮರೆಸಿ ಕಾಪಾಡಿದವನೂ ಅವನೇ ಅಲ್ಲವೆ?

ಆಟದ ನಿಯಮದಂತೆ ಚೀಲದಲ್ಲಿ 14 ದಾಂಡುಗಳಿಗಿಂತ ಹೆಚ್ಚು ಇರಕೂಡದು. ನನ್ನ ಚೀಲದಲ್ಲಿ ನನ್ನವು 13. ಹದಿನಾಲ್ಕನೆಯದು ಅಣ್ಣನ 7ನೆಯ ಐರನ್. ಅದರಿಂದ ನಾನು ಹೊಡೆಯುವುದಿಲ್ಲ.