ವೇಗಕ್ಕೊಂದು ಅಂಗಳ

ನಮ್ಮ ಸೀಮೆಯ ರಸ್ತೆಗಳೆಲ್ಲ ವಕ್ರೋಕ್ತಿಗೆ ಉದಾಹರಣೆಗಳು. ಶಿರಸಿಯಿಂದ ಕುಮಟೆಗೆ ಹೊರಟರೆ ದೇವಿಮನೆ ಘಟ್ಟ. ಸಿದ್ದಾಪುರದಿಂದ ಹೊರಟರೆ ದೊಡ್ಮನೆ ಘಟ್ಟ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವವರಿಗೆ ಅರಬೈಲು. ತಿರುವಿನಾಚೆ ಏನಿದೆಯೆಂಬುದು ತಿರುಗಿದ ಮೇಲೆಯೇ ತಿಳಿಯತಕ್ಕದ್ದು. ಅಡಿಕೆ ಚೀಲ ಹೇರಿದ ಲಾರಿ ಇರಬಹುದು, ಮೆಲುಕು ಹಾಕುತ್ತ ಕುಳಿತ ದನವಿರಬಹುದು, ರಾತ್ರಿಯ ಮಳೆಗೆ ಉರುಳಿದ ಮರವಿರಬಹುದು. ಇಂಥ ದಾರಿಯಲ್ಲಿ ಓಡಾಡಿ ಬೆಳೆದವರು ಸ್ವಭಾವದಿಂದಲೇ ನಿಧಾನಿಗಳಾಗಬೇಕಿತ್ತು. ಹಾಗೇನೂ ಆಗಿಲ್ಲ.

ನನ್ನ ತಂಗಿಯ ಮಗನೊಬ್ಬನಿದ್ದಾನೆ. ಹುಬ್ಬಳ್ಳಿಯಲ್ಲಿ ನೌಕರಿ, ಶನಿವಾರ ಸಂಜೆ ಯಲ್ಲಾಪುರದ ಮನೆಗೆ ಬರುತ್ತಾನೆ. ಭಾನುವಾರ ಗೆಳೆಯರೊಡನೆ ಅರಬೈಲು ಇಳಿದು ಮತ್ತೆ ಏರುವುದು ಅವನ ವಿನೋದ. ಎಷ್ಟು ನಿಮಿಷದಲ್ಲಿ ಏರಿದೆವೆಂಬುದೇ ಅದರ ಪುಣ್ಯ. ಹಿಂದಿನ ವರ್ಷ ಆ ಗೆಳೆಯರಲ್ಲೊಬ್ಬ ಅದೇ ಘಟ್ಟದಲ್ಲಿ ಹೋದ. ಮೂರು ತಿಂಗಳು ಮಾತಿಲ್ಲದೆ ಇದ್ದ ನಮ್ಮ ಹುಡುಗ ಆಮೇಲೆ ಮತ್ತೆ ಗಡಿಯಾರ ನೋಡತೊಡಗಿದ. ತಂಗಿ ನನ್ನಲ್ಲಿಗೆ ಬಂದು, "ಅಣ್ಣಾ, ಅಷ್ಟೆಲ್ಲ ಹುಡ್ರಿಗೆ ಪಾಠ ಹೇಳ್ತೆ, ಇವಂಗೂ ಒಂದು ಮಾತು ಹೇಳು" ಎಂದು ಕಣ್ಣೊರೆಸಿಕೊಂಡಳು.

ಹೇಳಿದೆ. ಅವನು ಸಮಾಧಾನದಿಂದ ಕೇಳಿ, "ಅಡ್ಡಿಲ್ಲೆ ಮಾವ. ಆದ್ರೆ ಮೊದ್ಲು ನೀ ಒಂದು ದಿನ ಯನ್ನ ಜೊತಿಗೆ ಬಾ" ಎಂದ. ಹೀಗೆ ನಾನು, ಕಾವ್ಯಮೀಮಾಂಸೆ ಬೋಧಿಸುವವನು, ಮೋಟಾರು ಪಂದ್ಯದ ಬಯಲಿಗೆ ಹೋಗಬೇಕಾಯಿತು.

ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳ್ಯಂ ಎಂಬಲ್ಲಿ ಕರಿ ಮೋಟರ್ ಸ್ಪೀಡ್‌ವೇ ಎಂಬ ಓಡುದಾರಿಯಿದೆ; ಸುತ್ತು 2.1 ಕಿಲೋಮೀಟರು. ಕರಿಯೆಂದರೆ ಆನೆಯೆಂದು ನಾನು ಅರ್ಥ ಹೇಳಹೊರಟೆ. ಆದರೆ ಅದು ಎಸ್. ಕರಿವರ್ಧನ್ ಎಂಬವರ ಹೆಸರು. 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಆ ಸಾಹಸಿ, ಮಾರುತಿ 800ರ ಎಂಜಿನ್ನನ್ನೇ ಬಳಸಿ ಕಡಿಮೆ ಬೆಲೆಯ ಪಂದ್ಯದ ಗಾಡಿ ಮಾಡಿದವರು. 2005ರಲ್ಲಿ ಫಾರ್ಮುಲಾ ಒನ್ ಓಡಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಕೊಯಮತ್ತೂರಿನವರೇ. ಪಂದ್ಯವಿಲ್ಲದ ಕೆಲವು ದಿನ ಅಲ್ಲಿ ಯಾರೂ ಶುಲ್ಕ ಕೊಟ್ಟು ತಮ್ಮ ಮನೆಯ ಕಾರನ್ನೇ ಓಡಿಸಬಹುದು. ಬಹುಮಾನವಿಲ್ಲ, ಎದುರಾಳಿಯಿಲ್ಲ.

ಹುಡುಗನ ಕಾರು ಹೊಸದು, ಸಾಲ ತೀರಿಲ್ಲ; ಸಾಮಾನ್ಯ ವಿಮೆಯಾದರೋ ಇಂಥ ಓಟಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ನನ್ನ ಹಳೆಯ ಮಾರುತಿ 800ಕ್ಕೇ ಆ ಭಾಗ್ಯ ಬಂದಿತು. 796 ಸಿ.ಸಿ., ಮೂರು ಸಿಲಿಂಡರು. ಶಿರಸಿಯ ಸಂತೆಗೆ ಧಾರಾಳ. ಸಾಗರ, ಶಿವಮೊಗ್ಗ, ಮೈಸೂರು, ಚಾಮರಾಜನಗರ ದಾಟಿ, 27 ಕಡಿದಾದ ತಿರುವುಗಳ ದಿಂಬಂ ಘಟ್ಟ ಇಳಿದು ಹೋದೆವು.

ಅಲ್ಲಿ ಮೊದಲ ಕೆಲಸ ಕಾರನ್ನು ಬರಿದು ಮಾಡುವುದು. ಸಡಿಲವಾದ ಒಂದು ವಸ್ತುವೂ ಒಳಗೆ ಇರಕೂಡದು. ಕೊಡೆ, ಯಕ್ಷಗಾನದ ಕರಪತ್ರಗಳು, ಎಂದೋ ಕಳೆದುಹೋಯಿತೆಂದು ಹೊಸದು ಕೊಂಡಿದ್ದ ಕನ್ನಡಕ, ಒಂದು ಹಿಡಿ ಚಾಲಿ ಅಡಿಕೆ, ಸ್ಟೆಪ್ನಿ ಚಕ್ರ, ಕೊನೆಗೆ ಮುಂದಿನ ಗಣಪತಿ ಕೂಡ ಹೊರಗೆ ಬಂದರು. ಆಮೇಲೆ ತಪಾಸಣೆ, ಹೆಲ್ಮೆಟ್ಟು, ಬಾವುಟಗಳ ಪಾಠ. ಹಳದಿ ಕಂಡರೆ ಮುಂದೆ ಅಪಾಯ, ಯಾರೂ ಯಾರನ್ನೂ ಹಿಂದೆ ಹಾಕಬಾರದು. ಕೆಂಪಾದರೆ ಓಟ ನಿಂತಿತು. ನೀಲಿಯಾದರೆ ಹಿಂದಿನಿಂದ ವೇಗದವನು ಬರುತ್ತಿದ್ದಾನೆ, ಬಿಟ್ಟುಕೊಡಿ. ಈ ನೀಲಿ ಬಾವುಟವೊಂದನ್ನು ನಮ್ಮ ಕಡೆಯ ಬಸ್ಸುಗಳ ಮುಂದೆ ಹಿಡಿಯುವಂತಿದ್ದರೆ ಎನಿಸಿತು.

ಕಲಿಸುವವರು ಹೇಳಿದ್ದು ಎರಡೇ ಮಾತು. ಬ್ರೇಕನ್ನು ತಿರುವಿನೊಳಗೆ ಒತ್ತಬೇಡಿ, ಗಾಡಿ ನೆಟ್ಟಗಿರುವಾಗಲೇ ಒತ್ತಿ ಮುಗಿಸಿ. ಕಣ್ಣು ಕಾರಿನ ಮೂತಿಯ ಮೇಲಲ್ಲ, ಹೋಗಬೇಕಾದ ಕಡೆಗಿರಲಿ. ಚಕ್ರಕ್ಕೆ ನೆಲದ ಹಿಡಿತವೆಂಬುದು ನಮ್ಮ ತಿಂಗಳ ಸಂಬಳದಂತೆ. ಬ್ರೇಕಿಗೆಂದು ಅಷ್ಟನ್ನೂ ವೆಚ್ಚ ಮಾಡಿದರೆ ತಿರುಗುವುದಕ್ಕೆ ಏನೂ ಉಳಿಯುವುದಿಲ್ಲ. ಇನ್ನೊಂದು ಲೆಕ್ಕವನ್ನೂ ತಿಳಿಸಿದರು: ವೇಗ ನಲವತ್ತರಿಂದ ಎಂಬತ್ತಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಹೊಸಬರ ಸರದಿಯಲ್ಲಿ ನಾನೂ ನಾಲ್ಕು ಸುತ್ತು ಹೋದೆ. ಸುಳ್ಳೇಕೆ, ಆನಂದವಾಯಿತು. ಎದುರಿನಿಂದ ಯಾರೂ ಬಾರದ ರಸ್ತೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಂಬತ್ತರಲ್ಲಿ ಆ ಪುಟ್ಟ ಕಾರು ಮೈಯೆಲ್ಲ ನಡುಗಿಸುತ್ತ ಕೂಗಿಕೊಂಡಾಗ ಹುಡುಗರ ಹುಚ್ಚು ಏನೆಂದು ತಿಳಿಯಿತು. ನಲವತ್ತು ದಾಟಿದವನ ಎದೆಯಲ್ಲಿಯೂ ಅದು ಪೂರ್ತಿ ಆರಿಲ್ಲ.

ಬಳಿಕ ಅಳಿಯ ಹೊರಟ. ಮೊದಲ ಸುತ್ತುಗಳು ಸೊಗಸಾಗಿದ್ದವು. ಅವನು ಬಿಸಿಯಾದಂತೆ ಬ್ರೇಕೂ ಬಿಸಿಯಾಯಿತು. ಓಟದ ಶಕ್ತಿಯನ್ನೆಲ್ಲ ಶಾಖವಾಗಿ ನುಂಗಬೇಕಾದ್ದು ಅದೇ ತಾನೆ. ಸಂತೆಯ ಕಾರಿನ ಬ್ರೇಕಿಗೆ ಅಷ್ಟು ಜೀರ್ಣಶಕ್ತಿಯಿಲ್ಲ. ಒಂದು ತಿರುವಿನಲ್ಲಿ ಕಾರು ತಿರುಗಲೇ ಇಲ್ಲ. ನೇರ ಹೋಗಿ ಹುಲ್ಲುಬಯಲಿಗೆ ಇಳಿದು, ಧೂಳೆಬ್ಬಿಸಿ, ಒಂದು ಸುತ್ತು ಗಿರಕಿ ಹೊಡೆದು ನಿಂತಿತು. ಹಳದಿ ಬಾವುಟ ಮೇಲೆದ್ದಿತು. ನನ್ನ ಕಾಲಲ್ಲಿ ಬಲವಿರಲಿಲ್ಲ.

ಅವನಿಗೇನೂ ಆಗಿರಲಿಲ್ಲ, ಕಾರಿಗೂ ಇಲ್ಲ. ಮೆಲ್ಲಗೆ ಮರಳಿ ತಂದು ನಿಲ್ಲಿಸಿದ. ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಹೆಲ್ಮೆಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತ. ಪೆಡಲು ಒತ್ತಿದರೆ ಹತ್ತಿಯನ್ನು ಒತ್ತಿದಂತಿತ್ತು ಎಂದ. ಆಮೇಲೆ, "ಮಾವ, ಅರಬೈಲಲ್ಲಿ ಆ ಹುಲ್ಲು ಇಲ್ಲೆ" ಎಂದ.

ನಾನು ಸಿದ್ಧಪಡಿಸಿಕೊಂಡಿದ್ದ ಉಪದೇಶವೆಲ್ಲ ಆ ಒಂದು ವಾಕ್ಯದಲ್ಲಿತ್ತು. ಮೇಲೆ ಭಾಷ್ಯ ಬರೆಯಲು ಹೋಗಲಿಲ್ಲ. ಬ್ರೇಕಿನ ಎಣ್ಣೆ ಬದಲಾಯಿಸಿಕೊಂಡು ಮರುದಿನ ಹೊರಟೆವು. ದಿಂಬಂ ಏರುವಾಗ ಲಾರಿಯೊಂದರ ಹಿಂದೆ ಮುಕ್ಕಾಲು ಗಂಟೆ ಅವನು ಹಾರ್ನು ಮಾಡದೆ ಬಂದ.

ಯಕ್ಷಗಾನದಲ್ಲಿ ಕೀಚಕ ಆರ್ಭಟಿಸುತ್ತಾನೆ, ಭೀಮ ಹಲ್ಲು ಕಡಿಯುತ್ತಾನೆ. ನಮಗೆ ಅದು ಬೇಕು, ಅದಕ್ಕಾಗಿ ನಿದ್ದೆಗೆಡುತ್ತೇವೆ. ಆದರೆ ಅದೆಲ್ಲ ರಂಗಸ್ಥಳದ ಒಳಗೆ. ವೇಷಧಾರಿ ಅದೇ ಆವೇಶದಲ್ಲಿ ಪೇಟೆಗೆ ಇಳಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ವೇಗವೂ ಒಂದು ವೇಷ. ಅದಕ್ಕೊಂದು ರಂಗಸ್ಥಳ ಬೇಕು. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮು ಸಾರ್ವಜನಿಕ ರಸ್ತೆಯ ಪಂದ್ಯವನ್ನು ದಂಡಿಸುತ್ತದೆ, ನ್ಯಾಯವೇ. ಆದರೆ ಕಾಯಿದೆ ಬೇಡವೆನ್ನಬಲ್ಲುದು, ತಪ್ಪಿದವನ ಮುಂದೆ ಹುಲ್ಲು ಹಾಸಲಾರದು.

ನಮ್ಮ ಹುಡುಗರೆಲ್ಲರೂ ಕೊಯಮತ್ತೂರಿಗೆ ಹೋಗಿಬರುವುದು ಆಗದ ಮಾತು. ಅದರ ವೆಚ್ಚವೂ ಅಲ್ಪವಲ್ಲ. ಆದರೆ ಗಾಡಿ ಕಲಿಸುವವರು ಶಿರಸಿಯಲ್ಲೋ ಯಲ್ಲಾಪುರದಲ್ಲೋ ಒಂದು ಖಾಲಿ ಬಯಲು ನೋಡಿ, ನಾಲ್ಕು ಕೋಲು ನೆಟ್ಟು, ಎಂಬತ್ತರಲ್ಲಿ ಬ್ರೇಕ್ ಹಿಡಿದರೆ ಕಾರು ಎಲ್ಲಿ ಹೋಗಿ ನಿಲ್ಲುತ್ತದೆಂಬುದನ್ನು ಪ್ರತಿಯೊಬ್ಬನಿಗೂ ಒಮ್ಮೆ ತೋರಿಸಬಾರದೇಕೆ? ಅಳಿಯ ಈಗಲೂ ಭಾನುವಾರ ಅರಬೈಲಿಗೆ ಹೋಗುತ್ತಾನೆ. ಎಷ್ಟು ನಿಮಿಷವಾಯಿತೆಂದು ಮಾತ್ರ ಹೇಳುವುದಿಲ್ಲ. ತಂಗಿ ಇನ್ನೂ ಬಾಗಿಲಲ್ಲಿ ನಿಂತು ಕಾಯುತ್ತಾಳೆ.